ಅದು ಲಿಂಫೋಸೈಟ್ ಅಲ್ಲ, ಮಾನೋಸೈಟ್

ಮಾನ್ಯ ಸಂಪಾದಕರಿಗೆ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ರಕ್ತಪರೀಕ್ಷೆಯ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ವಿಷಯವನ್ನು ಜನರಿಗೆ ತಿಳಿಯುವ ಹಾಗೆ ಹೇಳಿದ್ದಾರೆ, ಅದಕ್ಕೆ ಲೇಖಕರಿಗೆ ವಂದನೆ. ಆದರೆ ಬರಹದ ನಡುವೆ ದೊಡ್ಡದಾಗಿ ಅಚ್ಚಾದ ಬಣ್ಣದ ಚಿತ್ರದ ಅಡಿಯಲ್ಲಿ 'ಸೂಕ್ಷ್ಮದರ್ಶಕದಲ್ಲಿ ಕಾಣುವ ಲಿಂಫೋಸೈಟ್' ಎಂದಿದೆ. ಅದು ಲಿಂಫೋಸೈಟ್ ಅಲ್ಲ, ಮಾನೋಸೈಟ್. ಎರಡೂ ಬಿಳಿ ರಕ್ತಕಣಗಳೇ, ಆದರೆ ಜಾತಿ ಬೇರೆ.

ನಾನು 34 ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿದ್ದವಳು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಹೆಮಟಾಲಜಿ, ಅಂದರೆ ರಕ್ತಪರೀಕ್ಷೆಯ, ಮೇಜಿನ ಮುಂದೆ, ಒಂದು ಕೈ ಸೂಕ್ಷ್ಮದರ್ಶಕದ ತಿರುಪಿನ ಮೇಲೆ, ಇನ್ನೊಂದು ಕೈ ಕಣ ಎಣಿಸುವ ಕೌಂಟರಿನ ಗುಂಡಿಗಳ ಮೇಲೆ. ಪತ್ರಿಕೆಯ ತಪ್ಪು ಹುಡುಕುವುದು ನನ್ನ ಹವ್ಯಾಸವಲ್ಲ. ಆದರೆ ಇಂಥ ಚಿತ್ರಗಳನ್ನು ಮಕ್ಕಳು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ, ಲ್ಯಾಬ್ ಕೋರ್ಸಿಗೆ ಸೇರಿದವರು ಫೋನಿನಲ್ಲಿ ಉಳಿಸಿಕೊಳ್ಳುತ್ತಾರೆ. ಕಣ್ಣಿಗೆ ಒಮ್ಮೆ ಕೂತ ತಪ್ಪು ಹೆಸರನ್ನು ಕೀಳಲು ವರ್ಷಗಳೇ ಬೇಕು. ನನಗೇ ಬೇಕಾಯಿತು. ಅದಕ್ಕೇ ಈ ಉದ್ದನೆಯ ಪತ್ರ.

ದಯವಿಟ್ಟು ಆ ಪುಟವನ್ನು ಮುಂದಿಟ್ಟುಕೊಳ್ಳಿ. ನಡುವೆ ಇರುವ ದೊಡ್ಡ ಕಣವನ್ನು ಬಿಟ್ಟು ಮೊದಲು ಅದರ ಸುತ್ತ ಇರುವ ನಸುಗೆಂಪು ಬಿಲ್ಲೆಗಳನ್ನು ನೋಡಿ. ಅವು ಕೆಂಪು ರಕ್ತಕಣಗಳು. ಒಂದೊಂದರ ಅಗಲ 7ರಿಂದ 8 ಮೈಕ್ರೋಮೀಟರ್. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಮೀಟರ್. ನಮ್ಮ ಕೆಲಸದಲ್ಲಿ ಈ ಕೆಂಪು ಕಣವೇ ಅಳತೆಪಟ್ಟಿ, ಎಲ್ಲ ಸ್ಲೈಡುಗಳಲ್ಲೂ ತಾನಾಗಿಯೇ ಇರುತ್ತದೆ. ನಾನು ಪುಟದ ಮೇಲೆ ಸ್ಕೇಲಿಟ್ಟು ಅಳೆದೆ. ನಡುವಿನ ಕಣ ಪಕ್ಕದ ಕೆಂಪು ಕಣದ ಎರಡೂವರೆಯಷ್ಟು ಅಗಲವಿದೆ. ಅಂದರೆ ಹೆಚ್ಚುಕಡಿಮೆ 18 ಮೈಕ್ರೋಮೀಟರ್. ರಕ್ತದಲ್ಲಿ ಸಾಮಾನ್ಯವಾಗಿ ಕಾಣುವ ಚಿಕ್ಕ ಲಿಂಫೋಸೈಟ್ ಕೆಂಪು ಕಣಕ್ಕಿಂತ ತುಸುವೇ ದೊಡ್ಡದು, 10 ಮೈಕ್ರೋಮೀಟರ್ ದಾಟುವುದು ಅಪರೂಪ. 15ರಿಂದ 20ರವರೆಗೆ ಹೋಗುವುದು ಮಾನೋಸೈಟ್. ಆರೋಗ್ಯವಂತರ ರಕ್ತದಲ್ಲಿ ಕಾಣುವ ಕಣಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ಗಾತ್ರವೊಂದರಿಂದಲೇ ಹೆಸರಿಡಬಾರದು, ಏಕೆಂದರೆ ದೊಡ್ಡ ಲಿಂಫೋಸೈಟುಗಳೂ ಇವೆ. ಹಾಗಾಗಿ ನ್ಯೂಕ್ಲಿಯಸ್ ನೋಡಿ. ಮೊದಲ ನೋಟಕ್ಕೆ ದುಂಡಗೆ ಕಾಣುತ್ತದೆ, ಅಡಿಬರಹ ಬರೆದವರಿಗೆ ಮೋಸವಾಗಿರುವುದು ಅಲ್ಲೇ ಇರಬೇಕು. ಆದರೆ ಮೇಲೆ ಎಡಭಾಗದಲ್ಲಿ ಒಂದು ಮಡಿಕೆ ಇದೆ, ಬಟ್ಟೆಯನ್ನು ಮಡಚಿಟ್ಟಾಗ ಬೀಳುವ ಗೆರೆಯ ಹಾಗೆ. ಮಾನೋಸೈಟಿನ ನ್ಯೂಕ್ಲಿಯಸ್ ಮೂತ್ರಪಿಂಡದ ಆಕಾರದಲ್ಲಿರುತ್ತದೆ, ಕುದುರೆ ಲಾಳದಂತೆ ಇರುತ್ತದೆ ಎಂದು ಪುಸ್ತಕದಲ್ಲಿ ಓದಿ ಹುಡುಗರು ಆ ಆಕಾರವನ್ನೇ ಹುಡುಕುತ್ತಾ ಕೂರುತ್ತಾರೆ. ಅದು ಹಾಗೂ ಇರಬಹುದು, ದುಂಡಗೂ ಇರಬಹುದು, ಹಾಲೆಹಾಲೆಯಾಗಿಯೂ ಇರಬಹುದು. ಆಕಾರಕ್ಕಿಂತ ನೇಯ್ಗೆ ಮುಖ್ಯ. ಲಿಂಫೋಸೈಟಿನ ಕ್ರೊಮ್ಯಾಟಿನ್ (ನ್ಯೂಕ್ಲಿಯಸ್ಸಿನ ಒಳಗೆ ಬಣ್ಣ ಹಿಡಿಯುವ ವಸ್ತು) ಗಟ್ಟಿ, ಒತ್ತೊತ್ತಾದ ಗಡ್ಡೆಗಳಾಗಿ ಕಡುನೇರಳೆ ಹಿಡಿದಿರುತ್ತದೆ, ಬೆಳಕು ದಾಟುವುದಿಲ್ಲ ಅನ್ನಿಸುತ್ತದೆ. ಮಾನೋಸೈಟಿನದು ಸಡಿಲವಾಗಿ ಹೆಣೆದ ದಾರದ ಜಾಲರಿ, ನಡುನಡುವೆ ತೆಳು ಬಣ್ಣದ ಸಂದುಗಳು. ನಿಮ್ಮ ಚಿತ್ರದಲ್ಲಿ ಆ ಸಂದುಗಳು ಅಚ್ಚಿನಲ್ಲೂ ಉಳಿದಿವೆ.

ಇನ್ನು ನ್ಯೂಕ್ಲಿಯಸ್ಸಿನ ಸುತ್ತಲಿನ ಸೈಟೋಪ್ಲಾಸಂ. ಲಿಂಫೋಸೈಟಿನದಾದರೆ ತಿಳಿಯಾದ ಆಕಾಶನೀಲಿ. ಇಲ್ಲಿರುವುದು ಬೂದು ಬೆರೆತ ನೀಲಿ, ಮೋಡ ಕವಿದ ದಿನದ ಬಣ್ಣ. ಉಜ್ಜಿ ಮಸುಕು ಮಾಡಿದ ಗಾಜಿನ ಹಿಂದೆ ಏನೋ ಇದ್ದಂತೆ ಕಾಣುತ್ತದೆ. ಅದರಲ್ಲಿ ಮೂರು ನಾಲ್ಕು ಸಣ್ಣ ಖಾಲಿ ಗುಳ್ಳೆಗಳೂ ಇವೆ. ಗುಳ್ಳೆ ಕಂಡ ಕೂಡಲೇ ಮಾನೋಸೈಟ್ ಎಂದು ಬರೆಯುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಹಾಕಿದ ಬಾಟಲಿಯಲ್ಲಿ ಅದು ಗಂಟೆಗಟ್ಟಲೆ ಕೂತರೆ ಬೇರೆ ಕಣಗಳಲ್ಲೂ ಗುಳ್ಳೆ ಏಳುತ್ತವೆ. ಆದರೆ ಗಾತ್ರ, ಮಡಿಕೆ, ಜಾಲರಿ, ಬೂದು ಬಣ್ಣ ನಾಲ್ಕೂ ಒಂದೇ ಮಾತು ಹೇಳುವಾಗ ಗುಳ್ಳೆ ಐದನೆಯ ಸಾಕ್ಷಿ.

ಈ ತಪ್ಪಿನ ಬೇರು ನಾವು ಶಾಲೆಯಲ್ಲಿ ಕಲಿಯುವ ವಿಂಗಡಣೆಯಲ್ಲೇ ಇದೆ ಎಂದು ನನ್ನ ಅನಿಸಿಕೆ. ಬಿಳಿ ರಕ್ತಕಣಗಳಲ್ಲಿ ಕಣಿಕೆ, ಅಂದರೆ ಒಳಗೆ ಸಣ್ಣ ಸಣ್ಣ ಕಾಳುಗಳು, ಇರುವವು ಮೂರು, ನ್ಯೂಟ್ರೋಫಿಲ್, ಇಯೊಸಿನೋಫಿಲ್, ಬೇಸೋಫಿಲ್. ಕಣಿಕೆ ಇಲ್ಲದವು ಎರಡು, ಲಿಂಫೋಸೈಟ್, ಮಾನೋಸೈಟ್. ಪರೀಕ್ಷೆಗೆ ಬರೆಯಲು ಇಷ್ಟು ಸಾಕು. ಆದರೆ ಹೀಗೆ ಕಲಿತವರು ಕಣಿಕೆ ಕಾಣದ ಕಣ ಸಿಕ್ಕಿದರೆ ನ್ಯೂಕ್ಲಿಯಸ್ ದುಂಡಗಿದೆಯೇ ಎಂದಷ್ಟೇ ನೋಡಿ ಲಿಂಫೋಸೈಟ್ ಎಂದುಬಿಡುತ್ತಾರೆ. ನಿಜವಾಗಿ ಮಾನೋಸೈಟಿನಲ್ಲಿ ಧೂಳು ಚೆಲ್ಲಿದಷ್ಟು ಸಣ್ಣ ಕೆನ್ನೇರಳೆ ಕಣಿಕೆಗಳು ಇವೆ, ಬೂದು ಬಣ್ಣಕ್ಕೆ ಆ ಮಸುಕು ಬರುವುದು ಅವುಗಳಿಂದಲೂ ಹೌದು. ಕೆಲವು ದೊಡ್ಡ ಲಿಂಫೋಸೈಟುಗಳಲ್ಲಿ ಎಣಿಸಬಹುದಾದಷ್ಟು ಕೆಂಪು ಕಣಿಕೆಗಳು ಎದ್ದು ಕಾಣುತ್ತವೆ. 'ಇಲ್ಲದವು' ಎಂದು ಕಲಿತ ಎರಡರಲ್ಲೂ ಇವೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು ಇದೇ ತಪ್ಪು ಮಾಡಿದೆ. ವಯಸ್ಕರೊಬ್ಬರ ಸ್ಲೈಡ್. ನೂರು ಕಣ ಎಣಿಸಿ ಬರೆದೆ: ನ್ಯೂಟ್ರೋಫಿಲ್ 50, ಲಿಂಫೋಸೈಟ್ 46, ಇಯೊಸಿನೋಫಿಲ್ 4. ನಮ್ಮ ಹಿರಿಯ ಟೆಕ್ನಿಷಿಯನ್ ಮೇಡಂ ಚೀಟಿಯನ್ನು ನೋಡಿ, ಲಿಂಫೋಸೈಟ್ 46 ಇರುವುದನ್ನು ಕೇಳಲಿಲ್ಲ.

"ಮಾನೋಸೈಟ್ ಎಲ್ಲಿ?" ಅಂದರು.

"ಕಾಣಲಿಲ್ಲ ಮೇಡಂ."

"ನೂರರಲ್ಲಿ ಒಂದೂ ಇಲ್ಲವಾ? ನೀನು ಎಲ್ಲಿ ನಿಂತು ಎಣಿಸಿದೆ, ತೋರಿಸು."

ನಾನು ಸ್ಲೈಡಿನ ದಪ್ಪಭಾಗದಲ್ಲಿ ನಿಂತು ಎಣಿಸಿದ್ದೆ. ಸ್ಮಿಯರ್ ಎಳೆಯುವಾಗ ಒಂದು ಹನಿ ರಕ್ತವಿಟ್ಟು, ಇನ್ನೊಂದು ಗಾಜನ್ನು 30ರಿಂದ 45 ಡಿಗ್ರಿ ಓರೆ ಹಿಡಿದು ಒಂದೇ ಉಸಿರಿಗೆ ಮುಂದಕ್ಕೆ ತಳ್ಳುತ್ತೇವೆ. ರಕ್ತ ನಾಲಗೆಯ ಆಕಾರದಲ್ಲಿ ಹರಡುತ್ತದೆ. ಹನಿ ಇಟ್ಟ ಕಡೆ ದಪ್ಪ, ತುದಿಗೆ ಹೋದಂತೆ ತೆಳು. ದಪ್ಪಭಾಗದಲ್ಲಿ ಕಣಗಳು ಚಪ್ಪಟೆಯಾಗಿ ಹರಡಿಕೊಳ್ಳಲು ಜಾಗವಿಲ್ಲದೆ ಮುದುಡಿ ಒಣಗುತ್ತವೆ. ಮಾನೋಸೈಟ್ ಮುದುಡಿದರೆ ಚಿಕ್ಕದಾಗಿ, ಗಾಢವಾಗಿ, ದುಂಡಗಾಗಿ ಲಿಂಫೋಸೈಟಿನ ವೇಷ ಹಾಕುತ್ತದೆ. ತೀರಾ ತುದಿಗೆ ಹೋದರೆ ಇನ್ನೊಂದು ತೊಂದರೆ. ಗಾಜು ತಳ್ಳಿದಾಗ ದೊಡ್ಡ ಕಣಗಳು ತುದಿಗೂ ಎರಡು ಅಂಚುಗಳಿಗೂ ಜಾರಿ ಸೇರಿಕೊಳ್ಳುತ್ತವೆ. ಅಲ್ಲಿ ಮಾತ್ರ ಎಣಿಸಿದರೆ ಮಾನೋಸೈಟೂ ನ್ಯೂಟ್ರೋಫಿಲೂ ಇರುವುದಕ್ಕಿಂತ ಹೆಚ್ಚು ಸಿಗುತ್ತವೆ. ತುದಿಗೆ ಸ್ವಲ್ಪ ಹಿಂದೆ, ಕೆಂಪು ಕಣಗಳು ಒಂದನ್ನೊಂದು ಆಗೊಮ್ಮೆ ಈಗೊಮ್ಮೆ ಮುಟ್ಟುವ, ಆದರೆ ಒಂದರ ಮೇಲೊಂದು ಕೂರದ ಪಟ್ಟಿಯೊಂದಿರುತ್ತದೆ. ಎಣಿಸಬೇಕಾದ್ದು ಅಲ್ಲಿ. ಅದೂ ನೇರ ಹೋಗದೆ, ಕೋಟೆಗೋಡೆಯ ತೆನೆಗಳ ಹಾಗೆ ಹತ್ತಿ ಇಳಿದು ಹತ್ತಿ ಇಳಿದು.

ಮೇಡಂ ನನ್ನನ್ನು ಅದೇ ಸ್ಲೈಡಿನ ಸರಿಯಾದ ಜಾಗದಲ್ಲಿ ಕೂರಿಸಿ ಎಣಿಸಲು ಹೇಳಿದರು. ನ್ಯೂಟ್ರೋಫಿಲ್ 58, ಲಿಂಫೋಸೈಟ್ 30, ಮಾನೋಸೈಟ್ 8, ಇಯೊಸಿನೋಫಿಲ್ 4. ರಕ್ತ ಅದೇ, ಗಾಜು ಅದೇ. ಮೊದಲ ಚೀಟಿಯನ್ನು ಅವರು ಹರಿಯಲಿಲ್ಲ, ನನ್ನ ಮೇಜಿನ ಗಾಜಿನ ಕೆಳಗೆ ಇಡಿಸಿದರು. ನಾನು ನಿವೃತ್ತಳಾಗುವವರೆಗೂ ಅದು ಅಲ್ಲೇ ಇತ್ತು. ಹೊಸಬರು ಬಂದಾಗ ತೋರಿಸುತ್ತಿದ್ದೆ.

ಅವರು ಕಲಿಸಿದ ಇನ್ನೊಂದು ಪಾಠ, ಕಣದ ಹೆಸರನ್ನು ಕೊನೆಗೆ ಹೇಳು ಎನ್ನುವುದು. ಮೊದಲು ಗಾತ್ರ, ಆಮೇಲೆ ನ್ಯೂಕ್ಲಿಯಸ್ಸಿನ ಆಕಾರ, ಅದರ ನೇಯ್ಗೆ, ಸೈಟೋಪ್ಲಾಸಮ್ಮಿನ ಬಣ್ಣ, ಕಣಿಕೆ. ಇವೆಲ್ಲ ಬಾಯಲ್ಲಿ ಹೇಳಿದ ಮೇಲೆ ಹೆಸರು. ಮೊದಮೊದಲು ಒಂದು ಕಣಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಅಭ್ಯಾಸವಾದ ಮೇಲೆ ಕ್ಷಣದಲ್ಲಿ ಆಗುತ್ತದೆ, ಆದರೆ ಕ್ರಮ ಒಳಗೊಳಗೇ ನಡೆಯುತ್ತಿರುತ್ತದೆ. ಹೆಸರನ್ನು ಮೊದಲು ಇಟ್ಟುಬಿಟ್ಟರೆ ಕಣ್ಣು ಆ ಹೆಸರಿಗೆ ಬೇಕಾದ್ದನ್ನೇ ನೋಡುತ್ತದೆ, ಬೇಡವಾದದ್ದನ್ನು ಬಿಡುತ್ತದೆ.

ಚಿತ್ರದ ಬಣ್ಣದ ಬಗ್ಗೆಯೂ ಒಂದು ಮಾತು. ಕಣಗಳಿಗೆ ಈ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ನಾವು ಹಾಕಿದ್ದು. ಬಣ್ಣ ಹಾಕದ ಬಿಳಿ ಕಣ ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಪಾರದರ್ಶಕ. ಜರ್ಮನಿಯ ಪೌಲ್ ಎಹ್ರ್ಲಿಕ್ ಇನ್ನೂ ಎಳೆಯ ವೈದ್ಯನಾಗಿದ್ದಾಗ, 1879ರ ಸುಮಾರಿಗೆ, ಬಟ್ಟೆಗೆ ಹಾಕುತ್ತಿದ್ದ ಅನಿಲೀನ್ ಬಣ್ಣಗಳನ್ನು ಒಣಗಿದ ರಕ್ತದ ಮೇಲೆ ಹಾಕಿ ನೋಡಿದ. ಇಯೊಸಿನ್ ಎಂಬ ಆಮ್ಲೀಯ ಕೆಂಪು ಬಣ್ಣವನ್ನು ಆಸೆಯಿಂದ ಹೀರಿಕೊಂಡ ಕಣ ಇಯೊಸಿನೋಫಿಲ್ ಆಯಿತು, ಕ್ಷಾರೀಯ ಬಣ್ಣ ಹಿಡಿದದ್ದು ಬೇಸೋಫಿಲ್, ಎರಡರ ನಡುವಿನದು ನ್ಯೂಟ್ರೋಫಿಲ್. ನಾವು ಇವತ್ತಿಗೂ ಬಳಸುವ ಹೆಸರುಗಳು ಆ ಬಣ್ಣದ ಕುಪ್ಪಿಗಳಿಂದ ಬಂದವು. ರಷ್ಯಾದ ರೊಮನೋವ್‌ಸ್ಕಿ 1891ರಲ್ಲಿ ಹಳೆಯ ಮೆಥಿಲೀನ್ ಬ್ಲೂ ಮತ್ತು ಇಯೊಸಿನ್ ಬೆರೆಸಿದಾಗ ಎರಡೂ ಬಣ್ಣಗಳಲ್ಲಿ ಇಲ್ಲದ ನೇರಳೆ ಹುಟ್ಟಿತು. ಅದೇ ದಾರಿಯಲ್ಲಿ 1901ರಲ್ಲಿ ಲೀಶ್ಮನ್, 1902ರಲ್ಲಿ ರೈಟ್, 1904ರಲ್ಲಿ ಗೀಮ್ಸಾ ತಮ್ಮ ತಮ್ಮ ಸ್ಟೇನ್, ಅಂದರೆ ಕಣಗಳಿಗೆ ಹಾಕುವ ಬಣ್ಣ, ಮಾಡಿದರು. ನನ್ನ ಕೈಬೆರಳಿನ ಉಗುರಿಗೆ ವರ್ಷಗಟ್ಟಲೆ ಹತ್ತಿದ್ದು ಲೀಶ್ಮನ್ ಸ್ಟೇನಿನ ನೀಲಿ.

ಈ ಬಣ್ಣ ಬಫರಿನ, ಅಂದರೆ ಆಮ್ಲ ಕ್ಷಾರಗಳ ಹದ ಕಾಯುವ ದ್ರಾವಣದ, ಮೇಲೆ ನಿಂತಿದೆ. ಸಾಮಾನ್ಯವಾಗಿ ಪಿಎಚ್ 6.8 ಇಡುತ್ತೇವೆ. ಬಫರ್ ಕ್ಷಾರದ ಕಡೆ ವಾಲಿದರೆ ಇಡೀ ಸ್ಲೈಡ್ ನೀಲಿ ಬಡಿಯುತ್ತದೆ, ಕೆಂಪು ಕಣಗಳು ಕೂಡ ಹಸಿರುನೀಲಿಗೆ ತಿರುಗುತ್ತವೆ, ಇಯೊಸಿನೋಫಿಲಿನ ಕಿತ್ತಳೆ ಕಣಿಕೆ ಮಣ್ಣಿನ ಬಣ್ಣಕ್ಕೆ ಬರುತ್ತದೆ. ಆಮ್ಲದ ಕಡೆ ವಾಲಿದರೆ ಎಲ್ಲ ಗುಲಾಬಿ, ನ್ಯೂಕ್ಲಿಯಸ್ ಸಪ್ಪೆ. ಹಾಗಾಗಿ ಬಿಳಿ ಕಣ ನೋಡುವ ಮೊದಲು ಕೆಂಪು ಕಣದ ಬಣ್ಣ ನೋಡಬೇಕು. ಅದು ನಸುಗೆಂಪಾಗಿದ್ದರೆ ಉಳಿದದ್ದನ್ನು ನಂಬಬಹುದು. ಪತ್ರಿಕೆಯಲ್ಲಿ ಅಚ್ಚಾಗುವಾಗ ಇನ್ನೊಮ್ಮೆ ಬಣ್ಣ ಬದಲಾಗುತ್ತದೆ. ನಿಮ್ಮ ಚಿತ್ರದಲ್ಲಿ ಕೆಂಪು ಕಣಗಳು ಸರಿಯಾದ ಬಣ್ಣದಲ್ಲಿರುವುದರಿಂದಲೇ ನಡುವಿನ ಕಣದ ಬೂದು ಬಣ್ಣವನ್ನು ನಾನು ಧೈರ್ಯವಾಗಿ ಸಾಕ್ಷಿಗೆ ಕರೆದೆ. ಮುಂದೆ ಇಂಥ ಚಿತ್ರ ಹಾಕುವಾಗ ಯಾವ ಸ್ಟೇನ್, ಎಷ್ಟು ಪಟ್ಟು ಹಿಗ್ಗಿಸಿದ್ದು ಎಂದು ಒಂದು ಸಾಲು ಸೇರಿಸಿದರೆ ಕಲಿಯುವವರಿಗೆ ದೊಡ್ಡ ಉಪಕಾರ.

ಉಳಿದ ಮೂರು ಕಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ನ್ಯೂಟ್ರೋಫಿಲಿನ ನ್ಯೂಕ್ಲಿಯಸ್ ಎರಡರಿಂದ ಐದು ಹಾಲೆಗಳಾಗಿ ಸಣ್ಣ ಎಳೆಗಳಲ್ಲಿ ಜೋಡಿಸಿಕೊಂಡಿರುತ್ತದೆ. ಆರು ಹಾಲೆ ಕಂಡರೆ, ಅಥವಾ ಐದು ಹಾಲೆಯವು ನೂರಕ್ಕೆ ಐದಕ್ಕಿಂತ ಹೆಚ್ಚಿದ್ದರೆ, ಬಿ12 ಅಥವಾ ಫೋಲೇಟ್ ಕೊರತೆ ಇದೆಯೇ ನೋಡಿ ಎಂದು ಬರೆಯುತ್ತೇವೆ. ಹೆಂಗಸರ ಕೆಲವು ನ್ಯೂಟ್ರೋಫಿಲುಗಳಲ್ಲಿ ಹಾಲೆಯೊಂದಕ್ಕೆ ನಗಾರಿ ಬಡಿಯುವ ಕೋಲಿನಂಥ ಪುಟ್ಟ ಗುಂಡು ಅಂಟಿಕೊಂಡಿರುತ್ತದೆ. ಅದು ಮಡಚಿ ಬದಿಗಿಟ್ಟ ಎರಡನೆಯ ಎಕ್ಸ್ ಕ್ರೋಮೋಸೋಮ್, 1954ರಲ್ಲಿ ಇದನ್ನು ಗುರುತಿಸಿದರು. ಅದನ್ನು ಹಾಲೆ ಎಂದು ಎಣಿಸಬಾರದು. ಇಯೊಸಿನೋಫಿಲಿಗೆ ಹೆಚ್ಚಾಗಿ ಎರಡು ಹಾಲೆ, ದಪ್ಪ ಕಿತ್ತಳೆ ಕಣಿಕೆಗಳು ಒತ್ತೊತ್ತಾಗಿ ತುಂಬಿದ್ದರೂ ನ್ಯೂಕ್ಲಿಯಸ್ಸನ್ನು ಮುಚ್ಚುವುದಿಲ್ಲ. ಬೇಸೋಫಿಲಿನಲ್ಲಿ ಕಪ್ಪುನೇರಳೆ ಕಣಿಕೆಗಳು ನ್ಯೂಕ್ಲಿಯಸ್ಸಿನ ಮೇಲೂ ಹತ್ತಿ ಕೂತಿರುತ್ತವೆ. ಅವು ನೀರಿನಲ್ಲಿ ಕರಗುವಂಥವು, ಹೆಚ್ಚು ತೊಳೆದರೆ ಖಾಲಿ ಗುಳಿಗಳಷ್ಟೇ ಉಳಿಯುತ್ತವೆ. ಬೇಸೋಫಿಲ್ ನೂರಕ್ಕೆ ಒಂದೋ, ಅದೂ ಇಲ್ಲವೋ. ದಿನವಿಡೀ ಸ್ಲೈಡ್ ನೋಡಿ ಒಂದೂ ಸಿಗದೆ ಎದ್ದು ಹೋದ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಸಿಕ್ಕ ದಿನ ಲ್ಯಾಬಿನಲ್ಲಿದ್ದ ಎಲ್ಲರನ್ನೂ ಕರೆದು ತೋರಿಸುತ್ತಿದ್ದೆವು.

ಕಷ್ಟವಿರುವುದು ಲಿಂಫೋಸೈಟಿಗೂ ಮಾನೋಸೈಟಿಗೂ ನಡುವಿನ ಗಡಿಯಲ್ಲಿ. ವೈರಸ್ ಸೋಂಕು ಬಂದಾಗ, ವಿಶೇಷವಾಗಿ ಎಪ್‌ಸ್ಟೀನ್ ಬಾರ್ ವೈರಸ್ಸಿನಿಂದ ಬರುವ ಗ್ರಂಥಿ ಜ್ವರದಲ್ಲಿ, ಲಿಂಫೋಸೈಟುಗಳು ಹಿಗ್ಗಿ ಮಾನೋಸೈಟಿನಷ್ಟೇ ದೊಡ್ಡದಾಗುತ್ತವೆ. ನ್ಯೂಕ್ಲಿಯಸ್ ಡೊಂಕಾಗುತ್ತದೆ, ಸೈಟೋಪ್ಲಾಸಂ ಅಗಲವಾಗುತ್ತದೆ. ಇವುಗಳನ್ನು ನಾವು ರಿಯಾಕ್ಟಿವ್ ಲಿಂಫೋಸೈಟ್ ಎನ್ನುತ್ತೇವೆ. 'ಇದು ಆ ಜಾತಿಯದಿರಬಹುದಲ್ಲ?' ಎಂದು ನಿಮ್ಮ ಲೇಖಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಾನೂ ಅದನ್ನೇ ಕೇಳಿಕೊಂಡು ಇನ್ನೊಮ್ಮೆ ಭೂತಗನ್ನಡಿ ಹಿಡಿದೆ. ರಿಯಾಕ್ಟಿವ್ ಲಿಂಫೋಸೈಟ್ ಪಕ್ಕದ ಕೆಂಪು ಕಣಗಳನ್ನು ತಬ್ಬಿಕೊಂಡಂತೆ ಕಾಣುತ್ತದೆ. ಕೆಂಪು ಕಣ ಒತ್ತಿದಲ್ಲೆಲ್ಲ ತಾನು ಒಳಗೆ ಬಾಗುತ್ತದೆ, ಬಾಗಿದ ಆ ಅಂಚಿನಲ್ಲಿ ನೀಲಿ ಕಡುವಾಗಿ ಗೆರೆ ಎಳೆದಂತಿರುತ್ತದೆ. ಒಳಗೆ ತಿಳಿ, ಅಂಚಿಗೆ ಕಡು. ನಿಮ್ಮ ಚಿತ್ರದ ಕಣದಲ್ಲಿ ಅಂಚಿನಿಂದ ನ್ಯೂಕ್ಲಿಯಸ್ಸಿನವರೆಗೂ ಒಂದೇ ಬೂದು. ಕೆಂಪು ಕಣಕ್ಕೆ ತಾಗಿದ ಕಡೆಯೂ ಗೆರೆ ಗಾಢವಾಗಿಲ್ಲ. ಹಾಗಾಗಿ ಅದೂ ಅಲ್ಲ.

ಇಷ್ಟೊಂದು ಹಟ ಯಾಕೆ ಎಂದು ನಿಮಗೆ ಅನ್ನಿಸಬಹುದು. ಒಂದು ಘಟನೆ ಹೇಳುತ್ತೇನೆ.

ಸಂಜೆ ಪಾಳಿ ಮುಗಿಯುವ ಹೊತ್ತು. ವಸಡಿನಲ್ಲಿ ರಕ್ತ ಬರುತ್ತಿದೆ, ಮೈಮೇಲೆ ನೀಲಿ ಮಚ್ಚೆಗಳೆದ್ದಿವೆ ಎಂದು ಬಂದಿದ್ದ 19 ವರ್ಷದ ಹುಡುಗಿಯ ರಕ್ತ. ಕಣ ಎಣಿಸುವ ಯಂತ್ರಕ್ಕೆ ಹಾಕಿದರು. ಬಿಳಿ ಕಣ ಮೈಕ್ರೋಲೀಟರಿಗೆ 38,000. ಆರೋಗ್ಯವಂತರಲ್ಲಿ ಅದು 4,000ದಿಂದ 11,000. ಪ್ಲೇಟ್‌ಲೆಟ್ 14,000 ಮಾತ್ರ, ರಕ್ತ ಹೆಪ್ಪುಗಟ್ಟಿಸುವ ಈ ಸಣ್ಣ ಕಣಗಳು ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದವು. ಯಂತ್ರ ತನ್ನ ಪಟ್ಟಿಯಲ್ಲಿ ಮಾನೋಸೈಟ್ ಶೇಕಡಾ 70 ಎಂದು ಹಾಕಿ ಪಕ್ಕದಲ್ಲಿ ಎಚ್ಚರಿಕೆಯ ಗುರುತು ಕೊಟ್ಟಿತ್ತು. ಯಂತ್ರ ತನಗೆ ಸಂಶಯವಿದೆ ಎಂದು ಪ್ರಾಮಾಣಿಕವಾಗಿ ಹೇಳಿತ್ತು. ನಾಳೆ ಬೆಳಿಗ್ಗೆ ನೋಡೋಣ ಎನ್ನುವುದು ನಾವು, ಮನುಷ್ಯರು. ಹೊರಡಲು ಚೀಲ ತೆಗೆದುಕೊಂಡಿದ್ದ ನಾನು ಆ ಅಂಕಿಗಳನ್ನು ಒಟ್ಟಿಗೆ ನೋಡಿ ಚೀಲ ಕೆಳಗಿಟ್ಟೆ. ಸ್ಮಿಯರ್ ಎಳೆದು ಸ್ಟೇನ್ ಮಾಡಿದೆ.

ದೂರದಿಂದ ನೋಡಿದರೆ ಮಾನೋಸೈಟುಗಳೇ. ದೊಡ್ಡ ಕಣಗಳು, ಮಡಿಚಿದ ನ್ಯೂಕ್ಲಿಯಸ್, ಎದ್ದು ಕಾಣುವ ಕಣಿಕೆ ಇಲ್ಲ. ಆಯಿಲ್ ಹಾಕಿ 100ರ ಮಸೂರ ಇಳಿಸಿದೆ. ಹೆಸರನ್ನು ಕೊನೆಗೆ ಹೇಳು ಎಂಬ ಮಾತು ನೆನಪಿತ್ತು. ನ್ಯೂಕ್ಲಿಯಸ್ ನಡುವೆ ಹಿಂಡಿದಂತಾಗಿ ಎರಡು ಕಡೆ ಹರಡಿತ್ತು, ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕೂತ ಹಾಗೆ. ಒಂದರಲ್ಲಲ್ಲ, ಸಾಲಾಗಿ ಹಲವು ಕಣಗಳಲ್ಲಿ ಅದೇ ಚಿಟ್ಟೆ. ಮಾನೋಸೈಟುಗಳು ಒಂದೊಂದೂ ಒಂದೊಂದು ರೀತಿ ಮಡಿಚಿಕೊಂಡಿರುತ್ತವೆ, ಹೀಗೆ ಒಂದೇ ಅಚ್ಚಿನಲ್ಲಿ ಬರುವುದಿಲ್ಲ. ನನ್ನ ಕೈ ಬಿಗಿಯಾಯಿತು. ಹುಡುಕುತ್ತಾ ಹೋದೆ. ಮೂವತ್ತನೆಯದೋ ನಲವತ್ತನೆಯದೋ ಕಣದಲ್ಲಿ ಕೆಂಪು ಸೂಜಿಗಳು ಕಂಡವು, ಒಂದರ ಪಕ್ಕ ಒಂದು, ಕಟ್ಟಿದ ಸೌದೆ ಹೊರೆಯಂತೆ. ಆವರ್ ರಾಡ್ ಎನ್ನುತ್ತೇವೆ. ಅವು ಆರೋಗ್ಯವಂತ ಕಣಗಳಲ್ಲಿ ಇರುವುದಿಲ್ಲ, ಮಾನೋಸೈಟಿನಲ್ಲಂತೂ ಹೀಗೆ ಹೊರೆಹೊರೆಯಾಗಿ ಇರುವುದಿಲ್ಲ. ಅವು ಪ್ರೋಮೈಲೋಸೈಟುಗಳು, ಮೂಳೆಮಜ್ಜೆಯಲ್ಲಿ ಇರಬೇಕಾದ ಎಳೆಯ ಕಣಗಳು ರೋಗದಿಂದ ರಕ್ತಕ್ಕೆ ನುಗ್ಗಿದ್ದವು.

ನಮ್ಮ ಪೆಥಾಲಜಿಸ್ಟ್ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಇಪ್ಪತ್ತು ನಿಮಿಷದಲ್ಲಿ ಬಂದು ಕಣ್ಣಿಟ್ಟರು, ಎದ್ದವರೇ ವಾರ್ಡಿಗೆ ಓಡಿದರು. ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ, ರಕ್ತದ ಕ್ಯಾನ್ಸರಿನ ಒಂದು ಬಗೆ. ಈ ರೋಗದಲ್ಲಿ ಮೊದಲ ಕೆಲವು ದಿನಗಳೇ ಗಂಡಾಂತರ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕುಸಿದು ಮೆದುಳಿನಲ್ಲಿ ರಕ್ತಸ್ರಾವವಾಗಿ ಜೀವ ಹೋಗಬಹುದು. ಆದರೆ ಆ ದಿನಗಳನ್ನು ದಾಟಿದರೆ ಲ್ಯುಕೇಮಿಯಾಗಳಲ್ಲೇ ಇಷ್ಟು ಚೆನ್ನಾಗಿ ವಾಸಿಯಾಗುವವು ಕಡಿಮೆ. ವಿಟಮಿನ್ ಎಯಿಂದ ಬಂದ ಆಲ್ ಟ್ರಾನ್ಸ್ ರೆಟಿನಾಯಿಕ್ ಆಸಿಡ್ ಎಂಬ ಮಾತ್ರೆ ಆ ಎಳೆಯ ಕಣಗಳನ್ನು ಕೊಲ್ಲದೆ, ಬಲಿತು ನ್ಯೂಟ್ರೋಫಿಲ್ ಆಗುವಂತೆ ಮಾಡುತ್ತದೆ. ಇದನ್ನು 1988ರಲ್ಲಿ ಶಾಂಘೈನ ವೈದ್ಯರು ಜಗತ್ತಿಗೆ ವರದಿ ಮಾಡಿದರು. 15 ಮತ್ತು 17ನೆಯ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿದೆಯೇ ಎಂಬ ಪರೀಕ್ಷೆಯ ಉತ್ತರ ಬರುವವರೆಗೂ ಕಾಯುವ ಹಾಗಿಲ್ಲ, ಸ್ಲೈಡ್ ನೋಡಿ ಸಂಶಯ ಬಂದ ಕೂಡಲೇ ಮಾತ್ರೆ ಶುರುಮಾಡಬೇಕು. ಆ ಹುಡುಗಿಗೆ ಅದೇ ರಾತ್ರಿ ಶುರುಮಾಡಿದರು. ಕೆಲವು ತಿಂಗಳ ಮೇಲೆ ಅವಳ ರಕ್ತ ಮತ್ತೆ ನನ್ನ ಮೇಜಿಗೆ ಬಂತು. ಮಾನೋಸೈಟ್ ನೂರಕ್ಕೆ 6. ಆರನ್ನೂ ಒಂದೊಂದಾಗಿ ನಿಧಾನವಾಗಿ ನೋಡಿದೆ. ಬೂದು ಬಣ್ಣ, ಸಡಿಲ ಜಾಲರಿ, ಒಂದೊಂದಕ್ಕೆ ಒಂದೊಂದು ಮಡಿಕೆ. ನಿಜವಾದ ಮಾನೋಸೈಟುಗಳು. ನನ್ನ ಕನ್ನಡಕ ಮಂಜಾಗಿ ಎದ್ದು ಹೋಗಿ ಒರೆಸಿಕೊಂಡು ಬಂದೆ.

ಮಾನೋಸೈಟ್ ಹೇಗಿರುತ್ತದೆ ಎಂದು ಸರಿಯಾಗಿ ಕಣ್ಣಲ್ಲಿ ಕೂತಿದ್ದರೆ ಮಾತ್ರ ಮಾನೋಸೈಟ್ ಅಲ್ಲದ್ದು ಎದ್ದು ಕಾಣುತ್ತದೆ. ಅಡಿಬರಹದ ಒಂದು ಪದಕ್ಕೆ ನಾನು ಇಷ್ಟು ಬರೆಯುತ್ತಿರುವುದು ಆ ಕಾರಣಕ್ಕೆ.

ನಿಮ್ಮ ಲೇಖಕರು ಕೊನೆಯಲ್ಲಿ, ಈಗ ಎಲ್ಲವನ್ನೂ ಯಂತ್ರವೇ ಎಣಿಸುವುದರಿಂದ ಸೂಕ್ಷ್ಮದರ್ಶಕದ ಕಾಲ ಮುಗಿಯಿತು ಎಂಬರ್ಥದ ಮಾತು ಬರೆದಿದ್ದಾರೆ. ನಾನು ಯಂತ್ರದ ವಿರೋಧಿಯಲ್ಲ. ವಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಉಪಾಯ, ಅಂದರೆ ಸಣ್ಣ ರಂಧ್ರದ ಮೂಲಕ ಕಣಗಳನ್ನು ಹಾಯಿಸಿ ವಿದ್ಯುತ್ ತಡೆಯ ಏರಿಳಿತದಿಂದ ಎಣಿಸುವುದು, ನಮ್ಮ ಕೆಲಸವನ್ನು ಎಷ್ಟು ಹಗುರ ಮಾಡಿತು ಎಂದು ಅನುಭವಿಸಿದವಳು ನಾನು. ಲೆಕ್ಕದಲ್ಲಿ ಕಣ್ಣು ಯಂತ್ರಕ್ಕೆ ಸಾಟಿಯಲ್ಲ. ನಾನು ನೂರು ಕಣ ಎಣಿಸಿ ಮಾನೋಸೈಟ್ 10 ಎಂದರೆ, ನಿಜವಾದ ಪ್ರಮಾಣ 4ರಿಂದ 18ರ ನಡುವೆ ಎಲ್ಲಾದರೂ ಇರಬಹುದು. ಅದು ನನ್ನ ಅಜಾಗ್ರತೆಯಲ್ಲ, ನೂರೇ ಕಣ ಎಣಿಸುವುದರ ಮಿತಿ. ಯಂತ್ರ ಸಾವಿರಾರು ಎಣಿಸುತ್ತದೆ. ಆರೋಗ್ಯವಂತರ ರಕ್ತಕ್ಕೆ ಅದರ ಮಾತೇ ಹೆಚ್ಚು ನಂಬಿಕೆಯದು. ಆದರೆ ಯಂತ್ರ ತನಗೆ ಗೊತ್ತಿರುವ ಕೋಣೆಗಳಲ್ಲಿ ಕಣಗಳನ್ನು ತುಂಬುತ್ತದೆ. ಆ ಕೋಣೆಗಳಿಗೆ ಸೇರದ ಕಣ ಬಂದಾಗ ಹತ್ತಿರದ ಕೋಣೆಗೆ ಹಾಕಿ ಗುರುತು ಮಾಡುತ್ತದೆ. ಎಷ್ಟೋ ಸಲ ಆ ಹತ್ತಿರದ ಕೋಣೆ ಮಾನೋಸೈಟಿನದು. ನ್ಯೂಕ್ಲಿಯಸ್ ಇರುವ ಎಳೆಯ ಕೆಂಪು ಕಣಗಳು ಲಿಂಫೋಸೈಟಿನ ಲೆಕ್ಕಕ್ಕೆ ಸೇರಿಹೋದದ್ದನ್ನೂ, ಇಡಿಟಿಎಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಕಟ್ಟಿಕೊಂಡು ಸಂಖ್ಯೆ ಸುಳ್ಳಾಗಿ ಕುಸಿದದ್ದನ್ನೂ ನಾನು ಸ್ಲೈಡಿನಲ್ಲಿ ಹಿಡಿದಿದ್ದೇನೆ. ಗುರುತು ಬಿದ್ದ ಸ್ಲೈಡನ್ನು ಯಾರಾದರೂ ನೋಡಿದರೆ ಮಾತ್ರ ಆ ಗುರುತಿಗೆ ಅರ್ಥ. ಸೂಕ್ಷ್ಮದರ್ಶಕದ ಕಾಲ ಮುಗಿಯಿತು ಎಂದು ಓದಿದ ಹುಡುಗ ನಾಳೆ ಲ್ಯಾಬಿಗೆ ಸೇರಿ, ಸಂಜೆ ಪಾಳಿಯಲ್ಲಿ ಆ ಗುರುತು ಕಂಡಾಗ ಚೀಲ ಕೆಳಗಿಡುತ್ತಾನೆಯೇ ಎಂಬುದು ನನ್ನ ಚಿಂತೆ.

ಲಿಂಫೋಸೈಟ್ ಹೆಚ್ಚಿದ್ದರೆ ವೈರಸ್ ಎಂದು ಬರಹದಲ್ಲಿ ಒಂದೇ ಗೆರೆಯಲ್ಲಿ ಹೇಳಿರುವುದನ್ನೂ ಸ್ವಲ್ಪ ತಿದ್ದಬೇಕು. ಎರಡು ಮೂರು ವರ್ಷದ ಮಗುವಿನ ರಕ್ತದಲ್ಲಿ ನ್ಯೂಟ್ರೋಫಿಲಿಗಿಂತ ಲಿಂಫೋಸೈಟ್ ಹೆಚ್ಚಿರುವುದೇ ಸಹಜ, ನಾಲ್ಕೈದು ವರ್ಷದ ಹೊತ್ತಿಗೆ ಅದು ತಿರುಗುಮುರುಗಾಗುತ್ತದೆ. ವರದಿಯಲ್ಲಿ ವಯಸ್ಕರ ಮಿತಿಗಳನ್ನು ಅಚ್ಚುಹಾಕಿದ್ದರಿಂದ, ಮಗುವಿನ ಅಂಕಿಯ ಪಕ್ಕ ಬಾಣ ಕಂಡು ಗಾಬರಿಯಾಗಿ ಬಂದ ತಾಯಂದಿರನ್ನು ಕೂರಿಸಿ ಸಮಾಧಾನ ಹೇಳಿದ್ದೇನೆ.

ಈಗ ನನ್ನ ಕೋರಿಕೆ. ತಿದ್ದುಪಡಿಯನ್ನು ಮೂಲೆಯಲ್ಲಿ ಒಂದು ಸಾಲು ಹಾಕಿ ಮುಗಿಸಬೇಡಿ. ಕಣ್ಣಿನಿಂದ ಕಲಿತ ತಪ್ಪು ಕಣ್ಣಿನಿಂದಲೇ ಹೋಗಬೇಕು, ಆದ್ದರಿಂದ ಅದೇ ಚಿತ್ರವನ್ನು ಅಷ್ಟೇ ದೊಡ್ಡದಾಗಿ ಮತ್ತೆ ಅಚ್ಚುಹಾಕಿ. ಮತ್ತು ಈ ಸಲ ಚಿತ್ರದ ಬಲ ಅಂಚನ್ನು ಕತ್ತರಿಸಬೇಡಿ. ಅಲ್ಲಿ ಕೆಳಗೆ, ಅಂಕಣದ ಗೆರೆಗೆ ತಾಗಿ, ಅರ್ಧ ತುಂಡಾದ ಒಂದು ಚಿಕ್ಕ ಕಣವಿದೆ. ಪಕ್ಕದ ಕೆಂಪು ಕಣಕ್ಕಿಂತ ಕೂದಲೆಳೆಯಷ್ಟು ದೊಡ್ಡದು, ದುಂಡಗೆ, ಕಡುನೇರಳೆ, ಸುತ್ತ ಆಕಾಶನೀಲಿಯ ಸಣ್ಣ ಅಂಚು. ನೀವು ಹುಡುಕುತ್ತಿದ್ದ ಲಿಂಫೋಸೈಟ್ ಅದೇ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್